ಸೊನ್ನೆ ಹಿಡಿಯುವ ಕೋಣೆ

ನನ್ನ ಕೆಲಸ ಸೊನ್ನೆ ಹಿಡಿಯುವುದು. ಕೇಳಿದವರು ನಗುತ್ತಾರೆ, ನಗಲಿ. ಇಪ್ಪತ್ತೆರಡು ವರ್ಷ ತೂಕ ಮತ್ತು ಅಳತೆ ಇಲಾಖೆಯಲ್ಲಿದ್ದವನು ನಾನು. ತುಮಕೂರು ಜಿಲ್ಲೆಯ ಸಂತೆಗಳನ್ನೆಲ್ಲ ಸುತ್ತಿ, ತಕ್ಕಡಿ ತಟ್ಟೆಯ ಅಡಿಗೆ ಹುಣಸೆಹಣ್ಣು ಮೆತ್ತಿದವರನ್ನು ಹಿಡಿದು ದಂಡ ಹಾಕಿಸಿದ್ದೇನೆ. ತೂಗುವ ಮೊದಲು ಮುಳ್ಳು ಸೊನ್ನೆಯಲ್ಲಿ ನಿಂತಿರಬೇಕು. ಪಾತ್ರೆಯಲ್ಲಿ ಎಣ್ಣೆ ತೂಗುವುದಾದರೆ ಮೊದಲು ಪಾತ್ರೆಯ ತೂಕ ಕಳೆಯಬೇಕು. ಲೋಕದ ಅರ್ಧ ಜಗಳಗಳು ಈ ಎರಡು ಮಾತು ಮರೆತದ್ದರಿಂದಲೇ ಹುಟ್ಟುತ್ತವೆ ಎಂದು ನಾನು ಅಂಗಡಿಯವರ ಮುಂದೆ ಭಾಷಣ ಮಾಡುತ್ತಿದ್ದೆ. ಕೇಳುವವರು ಯಾರೂ ಇರಲಿಲ್ಲ, ಆ ಮಾತು ಬೇರೆ.

ಈಗ ನಾನು ತೂಗುವುದು ಮನುಷ್ಯರನ್ನು. ಪ್ರತಿ ತಾಲ್ಲೂಕಿಗೂ ಇಬ್ಬರು ಆಪ್ತ ಸಮಾಲೋಚಕರು ಇರಲೇಬೇಕೆಂದು ಕಾನೂನು ಬಂದ ಮೇಲೆ ನಮ್ಮ ಊರಿನಲ್ಲೊಂದು ತರಬೇತಿ ಕೇಂದ್ರ ತೆರೆದರು. ಕಷ್ಟ ಹೊತ್ತು ಬಂದವರ ಎದುರು ಕೂತು ಕೇಳುವ ಕೆಲಸ ಅದು. ಕೇಳುವ ಕಿವಿ ಎಲ್ಲರಿಗೂ ಇರುತ್ತದೆ. ಎದುರಿನವರ ಸಂಕಟಕ್ಕೆ ಒಳಗೆ ಏನಾದರೂ ಅಲುಗಾಡುತ್ತದೆಯೇ ಎಂದು ತಿಳಿಯುವುದು ಹೇಗೆ? ಅದಕ್ಕೇ ಬಂತು ಸಹಸ್ಪಂದ ಮಾಪಕ. ಮಣಿಕಟ್ಟಿಗೆ ಒಂದು ಪಟ್ಟಿ, ಕೊರಳ ಕೆಳಗೆ ಎರಡು ಬಿಲ್ಲೆ, ಕಣ್ಣಿನ ಪಾಪೆಯನ್ನು ನೋಡುವ ಚಿಕ್ಕದೊಂದು ಕ್ಯಾಮೆರಾ. ಉಸಿರು, ನಾಡಿ, ಚರ್ಮದ ಬೆವರು, ಮುಖದ ನರಗಳ ಸಣ್ಣ ಸೆಳೆತ ಎಲ್ಲವನ್ನೂ ಕೂಡಿ ಅದು ನೂರಕ್ಕೆ ಇಷ್ಟು ಎಂದು ಅಂಕ ಕೊಡುತ್ತದೆ. ಅಭ್ಯರ್ಥಿಗಳು ಅದಕ್ಕೆ ಬಳೆ ಎನ್ನುತ್ತಾರೆ. ಗಂಡಸರೂ ಬಳೆ ಎಂದೇ ಅನ್ನುತ್ತಾರೆ, ನಾಚಿಕೆಯಿಲ್ಲದೆ.

ಒಬ್ಬರಿಗೆ ಹುಟ್ಟಿನಿಂದಲೇ ನಾಡಿ ಜೋರು, ಇನ್ನೊಬ್ಬರಿಗೆ ಸುಮ್ಮನೆ ಕೂತರೂ ಅಂಗೈ ಬೆವರುತ್ತದೆ. ಅದು ಪಾತ್ರೆಯ ತೂಕ. ಅದನ್ನು ಕಳೆಯಬೇಕು. ಹಾಗಾಗಿ ಬೆಳಿಗ್ಗೆ ಒಬ್ಬೊಬ್ಬರನ್ನೇ ಮೂರು ನಿಮಿಷ ಕೂರಿಸಿ, ಏನೂ ಇಲ್ಲದಾಗ ಬಳೆ ಎಷ್ಟು ತೋರಿಸುತ್ತದೋ ಅದನ್ನು ಆ ದಿನದ ಸೊನ್ನೆ ಎಂದು ನಾನು ಬರೆದುಕೊಳ್ಳುತ್ತೇನೆ. ದಿನವಿಡೀ ಬಂದ ಅಂಕದಿಂದ ಯಂತ್ರ ಅದನ್ನು ತಾನೇ ಕಳೆದು ಉಳಿದದ್ದನ್ನು ಪರದೆಯ ಮೇಲೆ ತೋರಿಸುತ್ತದೆ. ಕಳೆಯುವ ಮುಂಚಿನ ಅಂಕ ನನ್ನ ಕಡತದಲ್ಲಿ ಮಾತ್ರ ಇರುತ್ತದೆ.

ಅಭ್ಯರ್ಥಿ ಕೋಣೆಯಲ್ಲಿ ಒಬ್ಬರೇ ಇದ್ದು ಬರಿ ಗೋಡೆ ನೋಡುತ್ತಿರಬೇಕು ಎಂಬುದು ನಿಯಮ. ಆದರೆ ನಮಗೆ ಸಿಕ್ಕಿದ್ದು ಹಳೆಯ ಉಗ್ರಾಣ. ಗೋಡೆಯ ಮೇಲೆ ತೇವದ ದೊಡ್ಡ ಕಲೆ. ಒಬ್ಬರು ಅದರಲ್ಲಿ ಆನೆ ಕಂಡರು, ಇನ್ನೊಬ್ಬಾಕೆ ತನ್ನ ಅತ್ತೆಯ ಮುಖ ಕಂಡು ಬೆವರಿದಳು. ಬೇಸತ್ತು ಕುರ್ಚಿಯನ್ನು ನನ್ನ ಮೇಜಿನ ಕಡೆಗೇ ತಿರುಗಿಸಿಬಿಟ್ಟೆ. ನನ್ನ ಮುಖ ನೋಡಿ ಯಾರಿಗೂ ಏನೂ ಅನಿಸುವುದಿಲ್ಲ ಎಂಬ ಭರವಸೆ ನನಗಿತ್ತು.

ಆ ಭರವಸೆ ಸುಳ್ಳಾಗಲಿಲ್ಲ. ಇಪ್ಪತ್ತನಾಲ್ಕು ಅಭ್ಯರ್ಥಿಗಳಲ್ಲಿ ಇಪ್ಪತ್ತಮೂರು ಜನರ ಸೊನ್ನೆ ಎಂಟರಿಂದ ಹನ್ನೆರಡರ ಒಳಗೆ. ಒಬ್ಬಳದು ಮಾತ್ರ ನಲವತ್ತೇಳು.

ಆಕೆಯ ಹೆಸರು ಭಾಗೀರಥಿ. ಮೂವತ್ತಮೂರು ವರ್ಷ. ಒಂಬತ್ತು ವರ್ಷ ಸರ್ಕಾರಿ ಬಸ್ಸಿನಲ್ಲಿ ಕಂಡಕ್ಟರ್ ಆಗಿ ಪಾವಗಡದ ದಾರಿಯಲ್ಲಿ ಟಿಕೆಟ್ ಹರಿದು, ಈ ತರಬೇತಿಗೆಂದು ಆ ಕೆಲಸಕ್ಕೆ ರಾಜೀನಾಮೆ ಕೊಟ್ಟು ಬಂದವಳು. ರಾಜೀನಾಮೆ ಕೊಡದೆ ಸೇರಿಸಿಕೊಳ್ಳುವಂತಿಲ್ಲ. ಬಿಟ್ಟ ಕೆಲಸ ಮತ್ತೆ ಸಿಗುವಂತಿಲ್ಲ. ಮಾತು ಕಡಿಮೆ. ಬೇರೆಯವರು ಬಳೆ ಕಟ್ಟಿಸಿಕೊಳ್ಳುವಾಗ ಮೊಬೈಲ್ ನೋಡುತ್ತಿದ್ದರು, ಇಲ್ಲವೇ ಕಿಟಕಿಯಾಚೆ ನೋಡುತ್ತಿದ್ದರು. ಈಕೆ ಮಾತ್ರ ಕುರ್ಚಿಯಲ್ಲಿ ಕೂತು, ಕೈ ಮಡಿಲಲ್ಲಿಟ್ಟುಕೊಂಡು, ಮೂರು ನಿಮಿಷವೂ ನನ್ನನ್ನೇ ನೋಡುತ್ತಿದ್ದಳು. ನನಗೆ ಕಿರಿಕಿರಿಯಾಗುತ್ತಿತ್ತು. ಪೆನ್ನು ಎತ್ತಿಡುತ್ತಿದ್ದೆ, ಡ್ರಾಯರ್ ಎಳೆಯುತ್ತಿದ್ದೆ, ಎದ್ದು ಕಿಟಕಿ ಮುಚ್ಚಿ ಮತ್ತೆ ತೆರೆಯುತ್ತಿದ್ದೆ.

ಕೆಲವು ಪಾತ್ರೆಗಳೇ ಭಾರ ಎಂದುಕೊಂಡು ನಲವತ್ತೇಳನ್ನೇ ಬರೆದೆ. ಮೊದಲನೆಯ ಶುಕ್ರವಾರದ ಪರೀಕ್ಷೆಯಲ್ಲಿ ಆಕೆಗೆ ಬಂದದ್ದು ಮೂವತ್ತೆರಡು. ಎರಡನೆಯದರಲ್ಲಿ ಮೂವತ್ತನಾಲ್ಕು. ಪಾಸಾಗಲು ಐವತ್ತೈದು ಬೇಕು. ಮೂರು ಪರೀಕ್ಷೆಯಲ್ಲಿ ಒಂದನ್ನಾದರೂ ದಾಟದಿದ್ದರೆ ಮನೆಗೆ.

ನಿಯಂತ್ರಣ ಕೋಣೆಯಲ್ಲಿ ಗಾಜಿನ ಈಚೆ ನಾನೂ ನಿರ್ದೇಶಕಿ ವಸುಮತಿ ಮೇಡಂ ಅವರೂ ಕೂತಿರುತ್ತೇವೆ. ದಿನಾ ಹನ್ನೊಂದಕ್ಕೆ ಅಲ್ಲೇ ನಮ್ಮಿಬ್ಬರ ಟೀ. ಎರಡು ವರ್ಷದ ಅಭ್ಯಾಸ. ಮೇಡಂ ಒಳ್ಳೆಯವರು, ಓದಿದವರು, ಆದರೆ ತಮ್ಮ ಸ್ವಭಾವ ಪಟ್ಟಿಯ ಬಗ್ಗೆ ಅವರಿಗೆ ಅತಿ ಮೋಹ. ಸೇರಿದ ವಾರವೇ ಅಭ್ಯರ್ಥಿಗಳಿಂದ ಇನ್ನೂರು ಪ್ರಶ್ನೆಗೆ ಉತ್ತರ ಬರೆಸಿಕೊಂಡು ಐದು ಗುಣಗಳನ್ನು ಅಳೆಯುತ್ತಾರೆ: ಜನರೊಂದಿಗೆ ಬೆರೆಯುವ ಗುಣ, ಹೊಂದಿಕೆ, ಶಿಸ್ತು, ತೆರೆದ ಮನಸ್ಸು, ಕಳವಳ. ಬೆರೆಯುವವರು, ಹೊಂದಿಕೊಳ್ಳುವವರು ಬಳೆಯಲ್ಲೂ ಮುಂದಿರುತ್ತಾರೆ ಎಂಬುದು ಅವರ ಸಿದ್ಧಾಂತ.

"ನೋಡಿ ಚಂದ್ರಮೌಳಿ, ಭಾಗೀರಥಿದು ಬೆರೆಯೋ ಗುಣ ತುಂಬಾ ಕಡಿಮೆ. ಕಳವಳ ಜಾಸ್ತಿ. ಸೊನ್ನೆ ಮೇಲಿದೆ ಅಂದ್ರೆ ಸದಾ ತನ್ನ ಚಿಂತೇಲೇ ಇರ್ತಾಳೆ ಅಂತ. ತನ್ನದೇ ತುಂಬಿಕೊಂಡಿದ್ರೆ ಬೇರೆಯವರಿಗೆ ಜಾಗ ಎಲ್ಲಿರುತ್ತೆ ಹೇಳಿ?"

"ಬಳೆ ಸರಿಯಾಗೇ ಇದೆ ಮೇಡಂ," ಎಂದೆ. ಅವರು ಅದನ್ನು ಕೇಳಿಯೇ ಇರಲಿಲ್ಲ, ಆದರೂ ಹೇಳಿದೆ. ಸಿದ್ಧಾಂತಕ್ಕೆ ಸರಿಹೊಂದುವ ತಪ್ಪನ್ನು ಯಾರೂ ಹುಡುಕುವುದಿಲ್ಲ ಎಂದು ಈಗ ಹೇಳಬಲ್ಲೆ. ಆಗ ನಾನೂ ಹುಡುಕಲಿಲ್ಲ.

ಮನೆಯಲ್ಲಿ ನನ್ನ ಹೆಂಡತಿ ಸರ್ವಮಂಗಳಾ ನನಗೊಂದು ಹೆಸರಿಟ್ಟಿದ್ದಳು, ಗಡಿಯಾರದ ಲೋಲಕ ಅಂತ. ಎರಡು ತಿಂಗಳಿಂದ ನನಗೆ ಒಂದು ಕಡೆ ಕೂರಲಾಗುತ್ತಿರಲಿಲ್ಲ. ಊಟಕ್ಕೆ ಕೂತರೆ ನೀರಿಗೆ ಏಳುವುದು, ನೀರು ತಂದರೆ ಉಪ್ಪಿಗೆ ಏಳುವುದು. ಸ್ಕೂಟರ್ ಒರೆಸಿದ್ದೇ ಒರೆಸುವುದು. ಆ ಮಂಗಳವಾರ ಸಂಜೆ ಮಿಕ್ಸಿಯನ್ನು ಬಿಚ್ಚಿ ಪೇಪರಿನ ಮೇಲೆ ಹರಡಿಕೊಂಡಿದ್ದೆ.

"ರೀ, ಅದು ಸರಿಯಾಗೇ ಇತ್ತಲ್ಲ?"

"ಸದ್ದು ಬರ್ತಿತ್ತು."

"ಮಿಕ್ಸಿ ಸದ್ದು ಮಾಡ್ದೆ ಇನ್ನೇನ್ ಮಾಡುತ್ತೆ?" ಎಂದು ಎದುರಿಗೆ ಕೂತಳು. ಸ್ವಲ್ಪ ಹೊತ್ತು ಬಿಟ್ಟು, "ಅಕ್ಕ ಫೋನ್ ಮಾಡಿದ್ರು, ತುರುವೇಕೆರೆಯಿಂದ," ಎಂದಳು.

ಅವಳು ಅಕ್ಕ ಎನ್ನುವುದು ನನ್ನ ಅತ್ತಿಗೆಯನ್ನು. ನಾನು ಸ್ಕ್ರೂ ತಿರುಗಿಸಿದೆ.

"ಗಿರಣಿ ಬಾಗಿಲು ತೆಗೀಬೇಕಂತೆ. ನೀವೊಂದ್ಸಲ ಬಂದ್ರೆ ಚೆನ್ನಾಗಿರುತ್ತೆ ಅಂದ್ರು. ನೀವ್ ಮುದ್ರೆ ಹಾಕಿದ್ದ ತಕ್ಕಡಿ ಹಂಗೇ ಮೂಲೇಲಿದೆಯಂತೆ. ಬಾವ ದಿನಾ ಒರೆಸಿ ಇಡ್ತಿದ್ರಂತೆ."

"ನನಗೆ ಶುಕ್ರವಾರ ಪರೀಕ್ಷೆ ಇದೆ."

"ನಿಮಗಾ?"

"ಅಭ್ಯರ್ಥಿಗಳಿಗೆ ಕಣೇ!" ಎಂದು ರೇಗಿ ಎದ್ದೆ. ಅಂದು ಆ ಮಿಕ್ಸಿಯನ್ನು ಮತ್ತೆ ಜೋಡಿಸಲಾಗಲಿಲ್ಲ. ಒಂದು ಸ್ಪ್ರಿಂಗ್ ಉಳಿದುಬಿಟ್ಟಿತು.

ಇಲ್ಲಿ ಆ ತಕ್ಕಡಿಯ ವಿಷಯ ಹೇಳಬೇಕು. ನನ್ನ ಅಣ್ಣ ಸದಾಶಿವನಿಗೆ ತುರುವೇಕೆರೆಯಲ್ಲಿ ಹಿಟ್ಟಿನ ಗಿರಣಿ ಇತ್ತು. ಹನ್ನೊಂದು ವರ್ಷದ ಹಿಂದೆ ನಾನು ತಪಾಸಣೆಗೆ ಹೋದಾಗ ಅವನ ತಕ್ಕಡಿ ನೂರು ಗ್ರಾಂ ಕಡಿಮೆ ತೋರಿಸುತ್ತಿತ್ತು. ಬೀಸಿಸಲು ತಂದ ರಾಗಿ ಕಡಿಮೆ ತೂಗಿದರೆ ಕೂಲಿಯೂ ಕಡಿಮೆ, ಗಿರಾಕಿಗೇ ಲಾಭ. ಆದರೂ ತಪ್ಪು ತಪ್ಪೇ ಎಂದು ಹತ್ತು ಜನ ಹೆಂಗಸರ ಎದುರಿಗೆ ತಕ್ಕಡಿಯನ್ನು ಮತ್ತೆ ಬಳಸದಂತೆ ಸೀಸದ ಮುದ್ರೆ ಒತ್ತಿ ಬಂದೆ. ನನ್ನ ನಿಷ್ಠೆಯ ಬಗ್ಗೆ ನನಗೇ ಹೆಮ್ಮೆ. ಅಣ್ಣ ಒಂದು ಮಾತೂ ಆಡಲಿಲ್ಲ. ಆಮೇಲೆ ಹನ್ನೊಂದು ವರ್ಷವೂ ಆಡಲಿಲ್ಲ. ಎರಡು ತಿಂಗಳ ಹಿಂದೆ ಒಂದು ಬೆಳಿಗ್ಗೆ ಅವನು ಹೋದನೆಂದು ಸುದ್ದಿ ಬಂತು. ಸರ್ವಮಂಗಳಾ ಹೋಗಿ ಬಂದಳು. ನಾನು ಮಣ್ಣಿಗೆ ಹೋಗಲಿಲ್ಲ. ರಜೆ ಹಾಕಲಿಲ್ಲ, ಕೇಂದ್ರದಲ್ಲಿ ಯಾರಿಗೂ ಹೇಳಲಿಲ್ಲ. ಹೇಳುವಂಥದ್ದೇನಿದೆ, ಮಾತೇ ಇಲ್ಲದ ಸಂಬಂಧ ಎಂದು ನನಗೆ ನಾನೇ ಹೇಳಿಕೊಂಡೆ.

ಬುಧವಾರ ಮಧ್ಯಾಹ್ನ ಭಾಗೀರಥಿ ಬಾಗಿಲಲ್ಲಿ ನಿಂತಿದ್ದಳು.

"ಸರ್, ಒಂದ್ ಮಾತ್ ಕೇಳ್ಬೋದಾ? ಈ ಬಳೆ ಏನಾದ್ರೂ ಕೆಟ್ಟಿರ್ಬೋದಾ?"

"ಬಳೆ ಸುಳ್ಳು ಹೇಳಲ್ಲ ಕಣಮ್ಮ. ಫೇಲಾದವ್ರೆಲ್ಲ ತಕ್ಕಡಿ ಬೈಯ್ಯೋದು ನನಗೇನ್ ಹೊಸದಲ್ಲ."

ಮಾತು ಒರಟಾಯಿತು. ಆಕೆ ತಲೆಯಾಡಿಸಿ ಹೊರಟವಳು ನಿಂತಳು.

"ಹಂಗಲ್ಲ ಸರ್. ಕೆಟ್ಟಿಲ್ಲ ಅಂದ್ರೆ ಸರಿನೇ. ಆದ್ರೆ ನನ್ಗೆ ಈಗ ಭಯ ಆಗ್ತಿದೆ. ಮೊನ್ನೆ ಮಗಳಿಗೆ ಜ್ವರ ಬಂದಿತ್ತು. ಹಣೆ ಮೇಲೆ ಬಟ್ಟೆ ಹಾಕ್ತಾ ಇದ್ದೆ. ಆವಾಗ, ನನ್ಗೆ ನಿಜವಾಗ್ಲೂ ಸಂಕಟ ಆಗ್ತಿದೆಯಾ, ಇಲ್ಲ ಸುಮ್ನೆ ಆಗ್ತಿದೆ ಅಂದ್ಕೊಂಡಿದೀನಾ ಅಂತ ನಾನೇ ನಾಡಿ ಹಿಡ್ಕೊಂಡ್ ನೋಡ್ಕೊಂಡೆ. ಯಾವ ತಾಯಿ ಹಂಗ್ ಮಾಡ್ತಾಳೆ ಸರ್? ಕೆಲಸ ಹೋದ್ರೆ ಹೋಗ್ಲಿ, ಕೂಲಿನಾದ್ರೂ ಮಾಡ್ತೀನಿ. ನನ್ ಎದೆ ಒಳ್ಗೆ ಏನೂ ಇಲ್ಲ ಅಂತ ಗೊತ್ತಾದ್ಮೇಲೆ ಮನೇಲಿ ಹೆಂಗಿರ್ಲಿ?"

ಉತ್ತರಕ್ಕೆ ಕಾಯದೆ ಹೋದಳು. ನಾನು ಎದ್ದು ಕಿಟಕಿ ಮುಚ್ಚಿದೆ. ತೆರೆದೆ. ಒಂದು ಯಂತ್ರ, ಮನುಷ್ಯರು ತಮ್ಮ ನಾಡಿಯನ್ನೇ ಅನುಮಾನಿಸುವ ಹಾಗೆ ಮಾಡುತ್ತದೆಂದು ನಾನು ಎಂದೂ ಯೋಚಿಸಿರಲಿಲ್ಲ.

ಕಡತ ತೆಗೆದೆ. ಆರು ವಾರದ ಸೊನ್ನೆಗಳು: ನಲವತ್ತೇಳು, ನಲವತ್ತಾರು, ನಲವತ್ತೊಂಬತ್ತು, ನಲವತ್ತೇಳು. ನಡುವೆ ಒಂದು ದಿನ ಮಾತ್ರ ಹನ್ನೊಂದು. ಅದರ ಪಕ್ಕದಲ್ಲಿ ಯಂತ್ರವೇ ಹಾಕಿದ ಕೆಂಪು ಗುರುತು, ಅದರ ಮೇಲೆ ನನ್ನದೇ ಅಕ್ಷರದಲ್ಲಿ "ಸಂಶಯಾಸ್ಪದ, ರದ್ದು" ಎಂಬ ಷರಾ. ನೆನಪಾಯಿತು. ಹಿಂದಿನ ತಂಡದಲ್ಲಿ ಇಬ್ಬರು ನಿದ್ದೆ ಬರಿಸುವ ಮಾತ್ರೆ ನುಂಗಿ ಬಂದು, ಸೊನ್ನೆ ಇಳಿಸಿಕೊಂಡು, ಅಂಕ ಏರಿಸಿಕೊಂಡಿದ್ದರು. ಅಂದಿನಿಂದ ಒಬ್ಬರ ಸೊನ್ನೆ ಹತ್ತಕ್ಕಿಂತ ಹೆಚ್ಚು ಬದಲಾದರೆ ಯಂತ್ರ ಅದನ್ನು ಮೋಸವೆಂದು ಗುರುತು ಹಾಕುತ್ತದೆ. ಆ ದಿನ ಅಭ್ಯಾಸದ ತರಗತಿಯಲ್ಲಿ ಭಾಗೀರಥಿಗೆ ಬಂದ ಅಂಕ ಎಪ್ಪತ್ತು. ನಾನು ಒಂದು ಮಾತೂ ಕೇಳದೆ ಅದನ್ನು ಹೊಡೆದುಹಾಕಿದ್ದೆ.

ಆ ದಿನ ಏನು ವಿಶೇಷ ಎಂದು ತಾರೀಕು ನೋಡಿದೆ. ಅವತ್ತು ಹಲ್ಲು ಕೀಳಿಸಲು ನಾನು ರಜೆ ಹಾಕಿದ್ದೆ. ಅಟೆಂಡರ್ ಬಳೆ ಕಟ್ಟಿ, ಗುಂಡಿ ಒತ್ತಿ, ಹೊರಗೆ ಹೋಗಿ ನಿಂತಿದ್ದಳು. ಕೋಣೆಯಲ್ಲಿ ಭಾಗೀರಥಿಯ ಹೊರತು ಯಾರೂ ಇರಲಿಲ್ಲ.

ಗುರುವಾರ ಬೆಳಿಗ್ಗೆ ಭಾಗೀರಥಿಗೆ ಬಳೆ ಕಟ್ಟಿ, ಎದುರು ಕೂತು, ಕೈಯಲ್ಲಿ ಹಿಡಿಯುವ ಚಿಕ್ಕ ಪರದೆ ನೋಡಿದೆ. ನಲವತ್ತೆಂಟು. ಎದ್ದು ಹೊರಗೆ ಬಂದು ಬಾಗಿಲು ಮುಚ್ಚಿದೆ. ಗೆರೆ ಇಳಿಯತೊಡಗಿತು. ನಲವತ್ತು. ಇಪ್ಪತ್ತಾರು. ಹದಿನಾಲ್ಕು. ಹನ್ನೊಂದಕ್ಕೆ ಬಂದು ನಿಂತಿತು. ಬಾಗಿಲು ತೆರೆದು ಒಳಗೆ ಹೋದೆ. ಗೆರೆ ಏರಿತು. ಮತ್ತೆ ಹೊರಗೆ, ಮತ್ತೆ ಒಳಗೆ. ಮೂರನೆಯ ಸಲ ಒಳಗೆ ಬಂದವನು ಬಾಗಿಲ ಚೌಕಟ್ಟು ಹಿಡಿದು ನಿಂತೆ.

"ಸರ್, ಕೂತ್ಕೊಳ್ಳಿ," ಎಂದಳು ಭಾಗೀರಥಿ.

"ನನ್ನ ನೋಡಿದ್ರೆ ನಿಮಗೆ ಏನಾಗುತ್ತಮ್ಮ?" ಎಂದು ನಿಂತೇ ಕೇಳಿದೆ. ಬಳೆ ಅಳೆಯುವುದು ಎಷ್ಟು ಎಂಬುದನ್ನು ಮಾತ್ರ. ಯಾರಿಗಾಗಿ ಎಂದು ಅದಕ್ಕೆ ತಿಳಿಯುವುದಿಲ್ಲ.

"ಹೇಳ್ಲಾ ಸರ್? ಕೇಳ್ದೇ ಇರೋರ ಗಾಯಕ್ಕೆ ಕೈ ಹಾಕ್ಬಾರ್ದು ಅಂತ ಮೊದಲ್ನೇ ಪಾಠದಲ್ಲೇ ಹೇಳಿದ್ರು. ಅದಕ್ಕೆ ಸುಮ್ನಿದ್ದೆ."

"ಕೇಳ್ತಿದೀನಲ್ಲ."

"ನಮ್ ಬಸ್ಸಲ್ಲಿ ಮಣ್ಣಿಗೆ ಹೋಗೋರನ್ನ ಟಿಕೆಟ್ ಕೊಡುವಾಗ್ಲೇ ಗುರುತು ಹಿಡೀತಿದ್ವಿ ಸರ್. ಅವ್ರು ಚಿಲ್ಲರೆ ಎಣಿಸಲ್ಲ. ಕೊಟ್ಟಿದ್ದನ್ನ ಹಂಗೇ ಜೇಬಿಗೆ ಹಾಕ್ಕೋತಾರೆ. ಬಸ್ ಎಷ್ಟ್ ತುಂಬಿದ್ರೂ ನಮ್ ಸೀಟ್ ಬಿಟ್ಕೊಡ್ತಿದ್ವಿ. ನನ್ಗೂ ಹಳೇ ಕಂಡಕ್ಟರ್ರೇ ತೋರಿಸ್ಕೊಟ್ಟಿದ್ದು." ಒಮ್ಮೆ ನಿಲ್ಲಿಸಿ ನನ್ನ ಕಡೆ ನೋಡಿದಳು. "ಇನ್ನೊಂದ್ ಥರದವ್ರೂ ಇರ್ತಾರೆ. ಸ್ಟ್ಯಾಂಡಿಗೆ ಬರ್ತಾರೆ, ಬೋರ್ಡ್ ನೋಡ್ತಾರೆ, ಬಸ್ ಹೊರಡೋವರ್ಗೂ ಅತ್ಲಾಗಿಂದಿತ್ಲಾಗೆ ಓಡಾಡ್ತಾರೆ. ಹತ್ತಲ್ಲ. ಬಸ್ ತಿರುಗ್ಸುವಾಗ ಕಿಟಕೀಲಿ ಅವ್ರ ಮುಖ ಕಾಣುತ್ತೆ. ನಿಮ್ದು ಆ ಮುಖ ಸರ್. ಯಾರು ಏನು ಅಂತ ನನ್ಗೊತ್ತಿಲ್ಲ. ದಿನಾ ಬೆಳಿಗ್ಗೆ ನೋಡ್ದಾಗ, ಇವ್ರನ್ನ ಯಾವ್ದಾದ್ರೂ ಬಸ್ ಹತ್ತಿಸ್ಬೇಕಲ್ಲಪ್ಪ ಅನ್ಸುತ್ತೆ."

ಅಣ್ಣ ಹೋದ ದಿನ ನಾನು ಬಸ್ ನಿಲ್ದಾಣಕ್ಕೆ ಹೋಗಿದ್ದೆ. ಅದು ಸರ್ವಮಂಗಳೆಗೂ ಗೊತ್ತಿಲ್ಲ. ಅವಳನ್ನು ಬೆಳಗಿನ ಮೊದಲ ಬಸ್ಸಿಗೆ ಕಳಿಸಿ, ಆಫೀಸಿಗೆ ಹೊರಟವನು ಸ್ಕೂಟರ್ ತಿರುಗಿಸಿ ನಿಲ್ದಾಣಕ್ಕೆ ಬಂದೆ. ತುರುವೇಕೆರೆಯ ಎರಡು ಬಸ್ಸುಗಳು ಹೊರಡುವವರೆಗೂ ಪ್ಲಾಟ್‌ಫಾರ್ಮಿನ ಮೇಲೆ ಓಡಾಡಿದೆ. ಹನ್ನೊಂದು ವರ್ಷ ಮಾತಾಡಿಸದವನು ಹೆಣದ ಮುಂದೆ ನಿಂತು ಏನು ಹೇಳಲಿ? ತಪ್ಪು ತಪ್ಪೇ ಅಣ್ಣ, ಎನ್ನಲೇ? ಮೂರನೆಯ ಬಸ್ಸು ಬರುವ ಮುಂಚೆ ಆಫೀಸಿಗೆ ಬಂದು ಹನ್ನೊಂದಕ್ಕೆ ಟೀ ಕುಡಿದೆ.

ಭಾಗೀರಥಿಯ ಬಳೆ ಬಿಚ್ಚಿದೆ. "ನಿಮ್ಮ ಎದೇಲಿ ಏನೂ ಇಲ್ಲ ಅಂತಲ್ಲಮ್ಮ," ಎಂದೆ. "ಇತ್ತು. ನಾನೇ ಕಳೀತಿದ್ದೆ."

ಆಕೆಗೆ ಅರ್ಥವಾಗಲಿಲ್ಲ. ಬಿಡಿಸಿ ಹೇಳಿದೆ. ಪಾತ್ರೆ, ಎಣ್ಣೆ ಎಲ್ಲ ಹೇಳಿದೆ. ಕೇಳುತ್ತಾ ಕೇಳುತ್ತಾ ಆಕೆ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಅಳತೊಡಗಿದಳು. "ಹಂಗಾದ್ರೆ ಮಗಳ ಜ್ವರಕ್ಕೆ ನನ್ಗೆ ಆಗಿದ್ದು ನಿಜವೇ ಸರ್?" ಎಂದು ಎರಡು ಸಲ ಕೇಳಿದಳು. ಎರಡು ಸಲವೂ ಹೌದೆಂದೆ.

ಸತ್ಯ ಹೇಳಬೇಕೆಂದರೆ, ಆಮೇಲಿನ ಒಂದು ಗಂಟೆ ನಾನು ಉಗ್ರಾಣದಲ್ಲಿ ಶತಪಥ ಹಾಕುತ್ತಾ ತಪ್ಪಿಸಿಕೊಳ್ಳುವ ದಾರಿ ಹುಡುಕಿದೆ. ನಾಳೆ ಸುಮ್ಮನೆ ಹೊರಗೆ ನಿಂತು ಹನ್ನೊಂದರ ಸೊನ್ನೆ ಹಿಡಿದರೆ? ಯಂತ್ರ ಕೆಂಪು ಗುರುತು ಹಾಕುತ್ತದೆ, ಆಕೆ ಮಾತ್ರೆ ನುಂಗಿದಳೆಂದು ಹೊರಹಾಕುತ್ತಾರೆ. ಯಂತ್ರದ್ದೇ ದೋಷ ಎಂದರೆ? ಉಳಿದ ಇಪ್ಪತ್ತಮೂರು ಜನರ ಅಂಕವೂ ಬಿದ್ದುಹೋಗುತ್ತದೆ, ಅದೂ ಸುಳ್ಳು. ಸುಮ್ಮನಿದ್ದುಬಿಟ್ಟರೆ ನನಗೇನೂ ಆಗುವುದಿಲ್ಲ, ಆಕೆ ಮನೆಗೆ ಹೋಗುತ್ತಾಳೆ. ಉಳಿದದ್ದು ಒಂದೇ ದಾರಿ, ತಿದ್ದುಪಡಿ ನಮೂನೆ. ಅದರಲ್ಲಿ "ದೋಷಕ್ಕೆ ಕಾರಣ" ಎಂಬ ಅಂಕಣವಿದೆ. ತಂತ್ರಜ್ಞನೇ ಕೈಯಾರೆ ಬರೆದು ಸಹಿ ಹಾಕಬೇಕು, ನಿರ್ದೇಶಕರು ಒಪ್ಪಬೇಕು.

ಹನ್ನೊಂದು ಗಂಟೆಗೆ ನಿಯಂತ್ರಣ ಕೋಣೆಗೆ ಹೋದೆ. ಟೀ ಬಂದಿತ್ತು. ನಮೂನೆಯನ್ನು ಮೇಡಂ ಮುಂದಿಟ್ಟು ನಿಯಮ ಮುರಿದು ಕುರ್ಚಿ ತಿರುಗಿಸಿದ್ದನ್ನು ಹೇಳಿದೆ.

"ಸರಿ, ಅದು ತಪ್ಪೇ. ಮೆಮೊ ಕೊಡ್ಬೇಕಾಗುತ್ತೆ ನಿಮಗೆ," ಎಂದು ಅವರು ಕನ್ನಡಕ ಏರಿಸಿದರು. "ಆದ್ರೆ ಮಿಕ್ಕ ಇಪ್ಪತ್ಮೂರು ಜನದ ಎದುರಿಗೂ ನೀವೇ ಕೂತಿದ್ರಲ್ಲ. ಅವರ ಸೊನ್ನೆ ಯಾಕೆ ಸರಿ ಇದೆ?"

"ನನ್ನ ನೋಡಿ ಅವರಿಗೆ ಏನೂ ಅನ್ನಿಸ್ಲಿಲ್ಲ ಮೇಡಂ."

"ನಿಮ್ಮನ್ನ ನೋಡಿ ಏನನ್ನಿಸ್ಬೇಕಿತ್ತು ಚಂದ್ರಮೌಳಿ? ದಿನಾ ಬರ್ತೀರಿ, ಕೆಲಸ ಮಾಡ್ತೀರಿ, ಹೋಗ್ತೀರಿ. ಈ ಅಂಕಣದಲ್ಲಿ ಏನಂತ ಬರೀತೀರಿ?"

ಟೀ ಲೋಟ ಎತ್ತಿದೆ, ಇಟ್ಟೆ. ಎದ್ದು ಗಾಜಿನ ತನಕ ಹೋಗಿ ಬಂದೆ. ಗಾಜಿನ ಆಚೆ ಭಾಗೀರಥಿ ಒಬ್ಬಳೇ ಕೂತು ಪುಸ್ತಕ ತಿರುವುತ್ತಿದ್ದಳು.

"ನಮ್ಮಣ್ಣ ತೀರ್ಕೊಂಡ ಮೇಡಂ," ಎಂದೆ. "ಎರಡು ತಿಂಗಳಾಯ್ತು. ನಾನು ಹೋಗ್ಲಿಲ್ಲ. ಹೋಗಕ್ಕಾಗ್ಲಿಲ್ಲ."

ಬಾಯಿಂದ ಬಂದದ್ದು ಇಷ್ಟೇ. ಆದರೆ ಅಷ್ಟು ಹೇಳುವಷ್ಟರಲ್ಲಿ ಐವತ್ತೆರಡು ವರ್ಷದ ಗಂಡಸಾದ ನಾನು ಅಧಿಕಾರಿಯ ಎದುರು ಚಿಕ್ಕ ಮಕ್ಕಳ ಹಾಗೆ ಅತ್ತೆ.

ಮೇಡಂ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ಎರಡು ತಿಂಗಳಿಂದ ದಿನಾ ಇಲ್ಲೇ ಟೀ ಕುಡಿದಿದೀವಲ್ರೀ ನಾವು."

"ಹೌದು ಮೇಡಂ."

"ಸೋಮವಾರ ಸೋಮವಾರ ಮಾದರಿ ತೋರಿಸೋಕೆ ನಾನೂ ಬಳೆ ಹಾಕ್ಕೋತೀನಿ. ಅದೇ ಕುರ್ಚೀಲಿ, ನಿಮ್ಮೆದುರಿಗೆ." ಅವರು ನನ್ನ ಮುಖ ನೋಡಲಿಲ್ಲ. "ನನ್ನ ಸೊನ್ನೆ ಎಷ್ಟು?"

ಸುಳ್ಳು ಹೇಳಬಹುದಿತ್ತು. ಅವರ ಮೇಲೆ ಕನಿಕರವೂ ಆಯಿತು. ಆದರೆ ನನಗೆ ಬರುವ ಕಸುಬು ಒಂದೇ.

"ಒಂಬತ್ತು, ಮೇಡಂ."

ಅವರು ನಮೂನೆಯನ್ನು ನನ್ನ ಕಡೆ ತಳ್ಳಿ, "ಬರೀರಿ. ಸಹಿ ಮಾಡ್ತೀನಿ," ಎಂದರು. ನಾನು ಕಾರಣದ ಅಂಕಣದಲ್ಲಿ ಬರೆದೆ: "ಸೊನ್ನೆ ಹಿಡಿಯುವಾಗ ಕೋಣೆಯಲ್ಲಿ ತಂತ್ರಜ್ಞ ಹಾಜರಿದ್ದು, ಆತ ತನ್ನ ಅಣ್ಣನ ಸಾವಿನ ದುಃಖದಲ್ಲಿದ್ದನು. ಅಭ್ಯರ್ಥಿಯು ಅದನ್ನು ಗಮನಿಸಿದ್ದರಿಂದ ಸೊನ್ನೆಯಲ್ಲಿ ಏರಿಕೆಯಾಗಿದೆ." ಸರ್ಕಾರಿ ಕಾಗದದಲ್ಲಿ ನನ್ನ ಬಗ್ಗೆ ನಾನೇ ಬರೆದದ್ದನ್ನು ಓದಿದಾಗ, ಆ ದುಃಖ ನನ್ನದೇ ಎಂದು ಮೊದಲ ಸಲ ನಂಬಿಕೆ ಬಂತು.

ಶುಕ್ರವಾರ ಕುರ್ಚಿಯನ್ನು ಗೋಡೆಗೆ ತಿರುಗಿಸಿ, ತೇವದ ಕಲೆಯ ಮೇಲೆ ಬಿಳಿ ಬಟ್ಟೆ ಇಳಿಬಿಟ್ಟು, ನಾನು ಹೊರಗೆ ನಿಂತೆ. ಎಲ್ಲರ ಸೊನ್ನೆಯನ್ನೂ ಹಾಗೇ ಹಿಡಿದೆ. ಭಾಗೀರಥಿಯದು ಹನ್ನೆರಡು. ಕೆಂಪು ಗುರುತು ಬಂತು. ತಿದ್ದುಪಡಿಯ ಸಂಖ್ಯೆ ಒತ್ತಿದೆ, ಹೋಯಿತು.

ಪರೀಕ್ಷೆಗೆ ಆಕೆಯ ಎದುರು ಕೂತಿದ್ದವರು ತಮ್ಮ ಕಷ್ಟ ಹೇಳಿಕೊಳ್ಳಲು ಒಪ್ಪಿ ಬಂದ ಒಬ್ಬ ನಿವೃತ್ತ ಡ್ರಿಲ್ ಮೇಷ್ಟ್ರು. ಅವರ ಕಣ್ಣು ಮಂಜಾಗುತ್ತಿತ್ತು, ಮನೆಯಲ್ಲಿ ಹೇಳಿರಲಿಲ್ಲ. ಭಾಗೀರಥಿ ಕೇಳಿದ್ದು ಮೂರೋ ನಾಲ್ಕೋ ಮಾತು. ಒಮ್ಮೆ ಮೇಷ್ಟ್ರು ನೀರಿನ ಲೋಟಕ್ಕೆ ತಡಕಾಡಿದಾಗ ಆಕೆ ಅದನ್ನು ಎತ್ತಿಕೊಡಲಿಲ್ಲ. ಮೇಜಿನ ಮೇಲೆಯೇ ಸ್ವಲ್ಪ ಅವರ ಕಡೆ ಸರಿಸಿದಳು. ಅವರೇ ಎತ್ತಿಕೊಂಡರು. ಎಪ್ಪತ್ತೆರಡು ಬಂತೆಂದು ಮೇಡಂ ಹೇಳಿದ ಮೇಲೆಯೇ ನನಗೆ ಗೊತ್ತಾದದ್ದು. ನಾನು ಪರದೆ ನೋಡಿರಲಿಲ್ಲ. ಇಡೀ ಹೊತ್ತು ಗಾಜಿನ ಆಚೆಗಿನ ಆ ಎರಡು ಮುಖಗಳನ್ನೇ ನೋಡುತ್ತಿದ್ದೆ.

ಮೆಮೊ ಸಂಜೆಯೇ ಕೈಗೆ ಬಂತು. ಒಂದು ವಾರದೊಳಗೆ 'ಸಮಜಾಯಿಷಿ' ಕೊಡಬೇಕಂತೆ. ಕೆಳಗೆ ಮೇಡಂ ಪೆನ್ಸಿಲಿನಲ್ಲಿ ಬರೆದಿದ್ದರು, "ರಜೆ ಬೇಕಿದ್ದರೆ ಹಾಕಿ."

ಮನೆಗೆ ಬಂದು ಸರ್ವಮಂಗಳೆಗೆ ಬಸ್ ನಿಲ್ದಾಣದ ವಿಷಯ ಹೇಳಿದೆ. ಅವಳು ಬೈಯಲಿಲ್ಲ. "ಗೊತ್ತಿತ್ತು ಕಣ್ರೀ," ಎಂದಳು. "ನಿಮ್ ಪ್ಯಾಂಟ್ ಜೇಬಲ್ಲಿ ಪಾರ್ಕಿಂಗ್ ಚೀಟಿ ಸಿಕ್ಕಿತ್ತು." ಎರಡು ತಿಂಗಳು ಅದನ್ನು ಮನಸ್ಸಿನಲ್ಲೇ ಇಟ್ಟುಕೊಂಡಿದ್ದಳು. ಇವಳಿಗೆ ಬಳೆ ಕಟ್ಟಿದ್ದರೆ ಯಂತ್ರ ಎಷ್ಟು ತೋರಿಸುತ್ತಿತ್ತೋ.

ಭಾನುವಾರ ಬೆಳಿಗ್ಗೆ ಇಬ್ಬರೂ ನಿಲ್ದಾಣಕ್ಕೆ ಹೋದೆವು. ಮದುವೆಯ ಕಾಲ, ತುರುವೇಕೆರೆ ಬಸ್ಸು ಕಾಲಿಡಲು ಜಾಗವಿಲ್ಲದಂತೆ ತುಂಬಿತ್ತು. ಮುಂದುಗಡೆ ಹೆಂಗಸರ ಸಾಲಿನಲ್ಲಿ ಯಾರೋ ಸರಿದು ಸರ್ವಮಂಗಳೆಗೆ ಜಾಗ ಕೊಟ್ಟರು. ನಾನು ಹಿಂದಿನ ಬಾಗಿಲ ಹತ್ತಿರ ಕಂಬ ಹಿಡಿದು ನಿಂತೆ. ಚೀಲದಲ್ಲಿ ಹಳೆಯ ಕಟಿಂಗ್ ಪ್ಲೇಯರ್ ಇತ್ತು, ಆ ಸೀಸದ ಮುದ್ರೆ ಕತ್ತರಿಸಲು. ಬಸ್ಸು ಹೊರಟಿತು. ನಿಲ್ದಾಣದ ಪ್ಲಾಟ್‌ಫಾರ್ಮ್ ಹಿಂದೆ ಸರಿಯಿತು.

ಕಂಡಕ್ಟರ್ ಹೊಸಬ, ಮೀಸೆ ಈಗಷ್ಟೇ ದಪ್ಪಗಾಗುತ್ತಿದ್ದವನು. ಜನರನ್ನು ಬೈಯುತ್ತಾ, ನುಗ್ಗುತ್ತಾ ನನ್ನ ಹತ್ತಿರ ಬಂದ. ನೋಟು ಕೊಟ್ಟು ಊರು ಹೇಳಿದೆ. ಅವನು ಟಿಕೆಟ್ಟಿನ ಜೊತೆ ಚಿಲ್ಲರೆ ಕೊಟ್ಟ. ಹಾಗೇ ಜೇಬಿಗೆ ಹಾಕಿಕೊಂಡೆ.

ಮುಂದೆ ಹೋಗುತ್ತಿದ್ದವನು ನಿಂತು ತಿರುಗಿ ನೋಡಿದ. ಅಷ್ಟು ಜನರ ನಡುವೆ ನನ್ನ ಮುಖವನ್ನು ಒಂದು ಕ್ಷಣ ನೋಡಿ, ಹಿಂದಕ್ಕೆ ಬಂದು, ಬಾಗಿಲ ಪಕ್ಕದ ತನ್ನ ಸೀಟಿನ ಮೇಲಿದ್ದ ಚೀಲ ಮತ್ತು ಊಟದ ಡಬ್ಬಿಯನ್ನು ಎತ್ತಿ ಕಂಕುಳಲ್ಲಿ ಇಟ್ಟುಕೊಂಡ.

"ಇಲ್ಲಿ ಕೂತ್ಕೊಳ್ಳಿ ಯಜಮಾನ್ರೇ," ಎಂದ. ಬೇರೇನೂ ಕೇಳಲಿಲ್ಲ.

ನಾನು ಕೂತೆ. ತುರುವೇಕೆರೆ ಬರುವವರೆಗೂ ಏಳಲಿಲ್ಲ.